ಪೇಟೆ ನಡುವಿನ ಜಾರುಬಂಡೆ

ಜಾರುಬಂಡೆ ಅಂದರೆ ನನಗೆ ನಮ್ಮೂರ ಗುಡ್ಡದ ಕರಿಬಂಡೆಯೇ ನೆನಪು. ತಲೆಮಾರುಗಳ ಮಕ್ಕಳು ಜಾರಿ ಜಾರಿ ಅದರ ಬೆನ್ನ ಮೇಲೆ ಕನ್ನಡಿಯಂಥ ನುಣುಪು ದಾರಿಯೊಂದು ಬಿದ್ದಿತ್ತು. ಅಂಥದೇ ಇನ್ನೊಂದು ಸಿಕ್ಕಿದ್ದು ಷಿಕಾಗೊ ಪೇಟೆಯ ನಟ್ಟನಡುವೆ, ಡೇಲಿ ಪ್ಲಾಜಾದಲ್ಲಿ. ಅದನ್ನು ಕಲ್ಪಿಸಿದವನು ಪಿಕಾಸೊ.

ಮುಗಿಲು ಮುಟ್ಟುವ ಕಟ್ಟಡಗಳ ಮಧ್ಯೆ ವಿಶಾಲವಾದ ಅಂಗಳ. ಅಲ್ಲಿ 50 ಅಡಿ ಎತ್ತರದ, 162 ಟನ್ ತೂಕದ ಉಕ್ಕಿನ ಆಕೃತಿ. ಈ ಕಡೆಯಿಂದ ಹೆಣ್ಣಿನ ಮೊಗ, ಆ ಕಡೆಗೆ ಸರಿದರೆ ಉದ್ದಮೂತಿಯ ನಾಯಿ, ಇನ್ನೆರಡು ಹೆಜ್ಜೆಗೆ ರೆಕ್ಕೆ ಬಿಚ್ಚಿದ ಹಕ್ಕಿ. ಪಿಕಾಸೊ ಇದಕ್ಕೆ ಹೆಸರಿಡಲಿಲ್ಲ. ಅಮೆರಿಕದ ನೆಲವನ್ನೂ ಅವನು ಮೆಟ್ಟಲಿಲ್ಲ. ಫ್ರಾನ್ಸಿನಲ್ಲಿ ಕೂತು ಮಾದರಿ ಮಾಡಿಕೊಟ್ಟ. 1 ಲಕ್ಷ ಡಾಲರ್ ಸಂಭಾವನೆ ಬೇಡವೆಂದು ಊರಿನ ಜನಕ್ಕೇ ಕಾಣಿಕೆ ಕೊಟ್ಟ.

ಅನಾವರಣವಾದದ್ದು 1967ರ ಆಗಸ್ಟ್ 15ರಂದು. ಗೊಣಗಿದವರು ಬಹಳ. ಇದನ್ನು ಕಿತ್ತು, ಬೇಸ್‌ಬಾಲ್ ಆಟಗಾರ ಅರ್ನಿ ಬ್ಯಾಂಕ್ಸ್ ಪ್ರತಿಮೆ ನಿಲ್ಲಿಸಿ ಎಂದು ನಗರಸಭೆಯ ಸದಸ್ಯರೊಬ್ಬರು ಕೇಳಿದ್ದರು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ನಮ್ಮ ವೃತ್ತಗಳಲ್ಲಿ ನಿಂತವರಿಗೂ ಹೆಸರುಂಟು, ಜಯಂತಿಗೆ ಹಾರವುಂಟು. ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಹೆಸರಿಲ್ಲದ್ದನ್ನು ನಮ್ಮದೆನ್ನಲು ಬೇರೆ ದಾರಿ ಬೇಕು.

ಆ ದಾರಿಯನ್ನು ಮಕ್ಕಳು ಕಂಡುಕೊಂಡಿದ್ದಾರೆ. ಆಕೃತಿಯ ಬುಡ ಇಳಿಜಾರು. ಐದಾರು ವರ್ಷದ ಹುಡುಗಿಯೊಬ್ಬಳು ದಡದಡ ಮೇಲಕ್ಕೋಡಿ, ತಿರುಗಿ ಕೂತು, ಸರ್ರನೆ ಜಾರಿದಳು. ಮತ್ತೆ ಓಡಿದಳು. ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದ್ದ ಕಚೇರಿಯವರು ಅವಳನ್ನು ನೋಡುತ್ತಲೇ ಉಂಡರು.

ನಾನು ಹತ್ತಿರ ಹೋಗಿ ಅಂಗೈ ಊರಿದೆ. ಬಿಸಿಲು ಕುಡಿದ ಉಕ್ಕು ಬೆಚ್ಚಗಿತ್ತು. ಬಣ್ಣ ಹುರಿದ ಕಾಫಿಬೀಜದ್ದು. ಇದು ಕಾರ್ಟೆನ್ ಉಕ್ಕು. ಹಿಂದಿನ ಕಟ್ಟಡಕ್ಕೂ ಇದನ್ನೇ ಹೊದಿಸಿದ್ದಾರೆ. ಮಳೆಗಾಳಿಗೆ ಮೈಯೊಡ್ಡಿದಾಗ ಇದರ ಮೇಲೆ ತುಕ್ಕು ದಟ್ಟವಾಗಿ ಕೂರುತ್ತದೆ. ಆಮೇಲೆ ಆ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ. ಬಣ್ಣ ಬಳಿಯುವ ಹಂಗಿಲ್ಲ. ಕಾಲ ಕೊಟ್ಟದ್ದನ್ನೇ ಕವಚ ಮಾಡಿಕೊಂಡು ನಿಂತ ಈ ಜೀವದ ಮೇಲೆ ನನಗೆ ಪ್ರೀತಿ ಉಕ್ಕಿತು.

ಇದರ ರೂಪದ ಹಕ್ಕು ಯಾರದೆಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿತ್ತು. ಯಾರೊಬ್ಬರದೂ ಅಲ್ಲ, ಸಾರ್ವಜನಿಕರದು ಎಂದು 1970ರಲ್ಲಿ ತೀರ್ಪಾಯಿತು. ಇಂದು ಯಾರು ಬೇಕಾದರೂ ಇದನ್ನು ಬರೆಯಬಹುದು, ಅಚ್ಚು ಹಾಕಬಹುದು.

ಹೊತ್ತು ಇಳಿಯಿತು. ಹುಡುಗಿಯನ್ನು ತಾಯಿ ಕರೆದಳು. ಅವಳು ಬೆರಳೆತ್ತಿ ಇನ್ನೊಂದು ಸಲ ಅಂದಳು, ಜಾರಿ ಬಂದಳು. ತಾಯಿ ಅವಳ ಲಂಗದ ಹಿಂಬದಿಯನ್ನು ಕೊಡವಿದಳು. ಗುಡ್ಡದಿಂದ ಬಂದ ನನ್ನನ್ನು ಅವ್ವ ಹೊಸ್ತಿಲಾಚೆ ನಿಲ್ಲಿಸಿ ಚಡ್ಡಿ ಕೊಡವುತ್ತಿದ್ದದ್ದೂ ಹಾಗೆಯೇ.