ತಾತನ ಟ್ರ್ಯಾಕ್ಟರ್ ಎಂಜಿನ್‌ಗೆ ಯಾವ ಬಣ್ಣ?

ನಮ್ಮ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ತಾತನ ಫರ್ಗೂಸನ್ 35 ಟ್ರ್ಯಾಕ್ಟರ್ ನಿಂತು 12 ವರ್ಷ ಆಯಿತು. ಅದರ ಕೆಳಗೆ ಕೋಳಿ ಮೊಟ್ಟೆ ಇಡುತ್ತದೆ. ಹೋದ ಬೇಸಿಗೆಯಲ್ಲಿ ಹಳೇ ಗಾಡಿ ಕೊಳ್ಳುವವರೊಬ್ಬರು ಬೆಂಗಳೂರಿನಿಂದ ಬಂದು ನೋಡಿದರು. "ಎಂಜಿನ್‌ಗೆ ಕಾರ್ಖಾನೆಯಿಂದ ಬಂದಾಗ ಯಾವ ಬಣ್ಣ ಇತ್ತು ಅಂತ ಪತ್ತೆ ಮಾಡಿ. ತಾಮ್ರದ ಬಣ್ಣ ಆಗಿದ್ರೆ ಒಳ್ಳೇ ರೇಟು ಕೊಡ್ತೀನಿ" ಅಂದರು.

ಆ ವರ್ಷ ನಮ್ಮ ಎರಡು ಬೋರ್‌ವೆಲ್ ಫೇಲಾಗಿದ್ದವು. ಸಾಲ ತಲೆ ಮೇಲಿತ್ತು. ಅಪ್ಪ ಮಾರೋಣ ಅಂದುಬಿಟ್ಟರು. ಬಣ್ಣ ಪತ್ತೆ ಮಾಡುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಅಣ್ಣ ತಂಗಿ ಇಬ್ಬರೂ ಪತ್ರಿಕೋದ್ಯಮ ಓದಿದ್ದೇವಲ್ಲ, ವಿಚಾರಿಸುವುದೇ ನಮ್ಮ ಕೆಲಸ!

ಟ್ರ್ಯಾಕ್ಟರ್ ಈಗ ಮುಂದಿನಿಂದ ಹಿಂದಿನವರೆಗೆ ಕೆಂಪು. ಮೊದಲು ಮನೆಯವರನ್ನೇ ಕೇಳಿದೆವು. ದೊಡ್ಡಪ್ಪ, "ತಾಮ್ರದ ಚೆಂಬು ಇದ್ದಂಗಿತ್ತು" ಅಂದರು. ಅಪ್ಪ, "ಏ, ಬೂದಿ ಬಣ್ಣ. ನಾನೇ ಒರೆಸ್ತಿದ್ದೆ" ಅಂದರು. ಅವ್ವ, "ನಾನು ಮದುವೆಯಾಗಿ ಬಂದಾಗ ಹಸಿರು" ಅಂದಳು. ಒಂದೇ ಮನೆ, ಒಂದೇ ಎಂಜಿನ್, ಮೂರು ಬಣ್ಣ.

ಬಣ್ಣಕ್ಕೆ ಇಷ್ಟೇಕೆ ಬೆಲೆ? ಫರ್ಗೂಸನ್‌ನಲ್ಲಿ ಬಣ್ಣವೇ ವಯಸ್ಸು ಹೇಳುತ್ತದೆ. ಹ್ಯಾರಿ ಫರ್ಗೂಸನ್ ಅವರ ಟಿಇ 20 ಟ್ರ್ಯಾಕ್ಟರ್ 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅದೆಲ್ಲ ಬೂದು ಬಣ್ಣದ್ದು. 1956ರಲ್ಲಿ ಅಲ್ಲಿ 35 ಬಂತು. ಅದರ ಬಾನೆಟ್, ಮಡ್‌ಗಾರ್ಡ್ ಬೂದು. ಎಂಜಿನ್, ಗೇರ್‌ಬಾಕ್ಸ್ ಮಾತ್ರ ತಾಮ್ರದ ಬಣ್ಣ. ಅಷ್ಟರಲ್ಲಾಗಲೇ, 1953ರಲ್ಲಿ, ಫರ್ಗೂಸನ್ ಕಂಪನಿ ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಜೊತೆ ಸೇರಿಹೋಗಿತ್ತು. 1957ರ ಕೊನೆಯ ಹೊತ್ತಿಗೆ ಅದೇ 35ಕ್ಕೆ ಕೆಂಪು ಬಾನೆಟ್, ಬೂದು ಎಂಜಿನ್ ಬಂತು. ನಾವು ಇವತ್ತಿಗೂ 'ಮ್ಯಾಸ್ಸಿ' ಅಂದ ತಕ್ಷಣ ಕೆಂಪು ಅನ್ನುತ್ತೇವಲ್ಲ, ಅದೇ ಕೆಂಪು. ಅಂದರೆ ತಾಮ್ರದ ಬಣ್ಣ ಇದ್ದದ್ದು ತುಸುವೇ ಕಾಲ. ಅದಕ್ಕೇ ಕೊಳ್ಳುವವರಿಗೆ ಅದರ ಮೇಲೆ ಆಸೆ.

ಅಮೆರಿಕದಲ್ಲಿ 1960ರ ದಶಕದ ಹಳೇ ಮಸಲ್ ಕಾರುಗಳನ್ನು ಸರಿಮಾಡುವವರಿಗೂ ಇದೇ ತಲೆನೋವು. ಶೆವ್ರೊಲೆ ವಿ-8 ಎಂಜಿನ್ ಅಂದರೆ ಕಿತ್ತಳೆ, ಫೋರ್ಡ್ 1966ರಿಂದ ನೀಲಿ, ಹೀಗೆ ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಕಾರಿನ ತಗಡಿನ ಪಟ್ಟಿಯಲ್ಲಿ ಬಾಡಿ ಬಣ್ಣದ ಕೋಡ್ ಇರುತ್ತದೆ, ಎಂಜಿನ್ನಿನದು ಇರುವುದಿಲ್ಲ. ಹಾಗಾಗಿ ಅವರು ಎಂಜಿನ್ ಮೇಲಿನ ನಂಬರು ಓದುತ್ತಾರೆ. ಬ್ರಷ್ ತಲುಪದ ಸಂದಿಗಳಲ್ಲಿ ಹಳೇ ಬಣ್ಣ ಹುಡುಕುತ್ತಾರೆ. ನಾವೂ ಅದೇ ದಾರಿ ಹಿಡಿದೆವು.

ಮೊದಲು ಸೀಮೆಎಣ್ಣೆ ಹಾಕಿ ಗ್ರೀಸು, ಜಿಡ್ಡು ತೆಗೆದೆವು. ವೈರ್ ಬ್ರಷ್ ಮುಟ್ಟಲಿಲ್ಲ, ಅದು ಒಂದೇ ಏಟಿಗೆ ಕಬ್ಬಿಣದವರೆಗೆ ಕೆರೆದುಬಿಡುತ್ತದೆ. ನುಣುಪು ಎಮರಿ ಪೇಪರ್ ನೀರಿನಲ್ಲಿ ಅದ್ದಿ, ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಮೆಲ್ಲಗೆ ಉಜ್ಜಿದೆವು. ಮಧ್ಯದಲ್ಲಿ ಆಳ, ಅಂಚಿನಲ್ಲಿ ಕಡಿಮೆ. ಆಗ ಪದರಗಳು ಮರದ ಕಾಂಡದ ಉಂಗುರಗಳ ಹಾಗೆ ಒಂದರೊಳಗೊಂದು ಕಾಣುತ್ತವೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದಕ್ಕೇ ನೀರು ಹಾಕಿಯೇ ಉಜ್ಜಬೇಕು, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಬೇಕು (ಬರೀ ಬಟ್ಟೆ ಸಾಲದು), ಮಕ್ಕಳನ್ನು ದೂರ ಇಡಬೇಕು.

ಗೇರ್‌ಬಾಕ್ಸಿನ ಪಕ್ಕ ಉಜ್ಜಿದಾಗ ಮೊದಲು ಕೆಂಪು, ಆಮೇಲೆ ಹಸಿರು ಕಂಡಿತು. ಅದರ ಕೆಳಗೆ ಥಳಥಳ ಅನ್ನುವ ತಾಮ್ರದ ಬಣ್ಣ! ನಾವು ಕೂಗಿದ ಕೂಗಿಗೆ ಅಪ್ಪ ಹೊಲದಿಂದ ಓಡಿ ಬಂದರು. ದೊಡ್ಡಪ್ಪ ಮೀಸೆ ತಿರುವಿದರು.

ಆದರೆ ಎಂಜಿನ್ ಮೇಲೆ ಉಜ್ಜಿದರೆ ಕೆಂಪು, ಹಸಿರು, ಬೂದು, ಆಮೇಲೆ ಬರೀ ಕಬ್ಬಿಣ. ಇನ್ನೊಂದು ಕಡೆ ನೋಡಿದೆವು. ಡೈನಮೋ ಬಿಚ್ಚಿ ಅದರ ಹಿಂದೆ ನೋಡಿದೆವು. ಒಟ್ಟು ಐದು ಜಾಗ. ಎಲ್ಲೂ ತಾಮ್ರ ಇಲ್ಲ. ಬಿಸಿಗೆ ಸುಟ್ಟುಹೋಗಿರಬಹುದು ಅಂತ ಅಪ್ಪ ಸಮಾಧಾನ ಹೇಳಿದರು. ಆದರೆ ಡೈನಮೋ ಹಿಂದಿನ ಬೂದು ಬಣ್ಣಕ್ಕೆ ಏನೂ ಆಗಿರಲಿಲ್ಲ. ಅದರ ಕೆಳಗಿನದು ಮಾತ್ರ ಸುಡುವುದು ಹೇಗೆ?

ಪಕ್ಕದೂರಿನ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಅವರು ಎಂಜಿನ್ ಮುಟ್ಟಲೂ ಇಲ್ಲ. "ಬಣ್ಣ ಇರ್ಲಿ, ಡೀಸೆಲ್ ಪೈಪ್ ಎಷ್ಟು ನಾಜಲ್‌ಗೆ ಹೋಗ್ತವೆ ಎಣಿಸ್ರಪ್ಪ" ಅಂದರು.

ಮೂರು.

ತಾಮ್ರದ ಬಣ್ಣದ ಕಾಲದ 35ಕ್ಕೆ ಇದ್ದ ಡೀಸೆಲ್ ಎಂಜಿನ್ ಸ್ಟ್ಯಾಂಡರ್ಡ್ ಕಂಪನಿಯದು, ನಾಲ್ಕು ಸಿಲಿಂಡರ್. ಪರ್ಕಿನ್ಸ್ ಮೂರು ಸಿಲಿಂಡರ್ ಎಂಜಿನ್ ಬಂದದ್ದು 1959ರಲ್ಲಿ. ನಮ್ಮ ಗಾಡಿಯ ಗೇರ್‌ಬಾಕ್ಸ್ ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು. ಆ ಕಾರ್ಖಾನೆ ಈ ಎಂಜಿನ್ನನ್ನು ಈ ಗಾಡಿಗೆ ಕೂರಿಸಿರಲೇ ಇಲ್ಲ.

ಅಪ್ಪ ಕಲ್ಲಿನ ಮೇಲೆ ಕೂತುಬಿಟ್ಟರು. "ಈ ಎಂಜಿನ್ ಒಂದ್ಸಲಾನೂ ಬಿಚ್ಚಿಲ್ಲ" ಅಂತ ತಾತ ಸಾಯುವವರೆಗೂ ಊರಿಗೆಲ್ಲ ಹೇಳುತ್ತಿದ್ದರು. ನಾವೂ ಅದನ್ನೇ ಹೇಳಿಕೊಂಡು ಬೆಳೆದವರು.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಆಗ ಬಾಯಿಬಿಟ್ಟಳು. "ಬಿಚ್ಚೋದೇನು, ಆ ಎಂಜಿನ್ನೇ ಹೋಯ್ತು. ನೀರು ನೋಡ್ದೆ ಓಡ್ಸಿ ಕಬ್ಬು ಸಾಗ್ಸೋ ಹೊತ್ನಲ್ಲಿ ಹಿಡ್ಕೊಂಡ್ಬಿಡ್ತು. ನನ್ನ ಎರಡೆಳೆ ಸರ ಗಿರವಿ ಇಟ್ಟು ಬೇರೆ ಎಂಜಿನ್ ತಂದ್ರು. ಸರ ಬಿಡಿಸ್ಕೊಳ್ಳೋಕೆ ಆಗ್ಲೇ ಇಲ್ಲ. ಯಾರಿಗೂ ಹೇಳ್ಬೇಡ ಅಂದಿದ್ರು."

"ಇಷ್ಟು ದಿನ ಯಾಕಜ್ಜಿ ಹೇಳಲಿಲ್ಲ?"

"ನೀವು ಕೇಳಿದ್ರಾ?"

ಕೇಳಿರಲಿಲ್ಲ. ದೊಡ್ಡಪ್ಪನನ್ನು ಕೇಳಿದ್ದೆವು, ಅಪ್ಪನನ್ನು ಕೇಳಿದ್ದೆವು, ಅವ್ವನನ್ನೂ ಕೇಳಿದ್ದೆವು. ಎಂಜಿನ್ ವಿಚಾರ ಅಜ್ಜಿಗೇನು ಗೊತ್ತಿರುತ್ತದೆ ಅಂತ ಅವಳನ್ನು ಬಿಟ್ಟಿದ್ದೆವು. ಎಲ್ಲ ಕಡೆಯವರನ್ನೂ ಮಾತಾಡಿಸಿ ಬರೆಯಬೇಕು ಅಂತ ಕ್ಲಾಸಿನಲ್ಲಿ ಕಲಿತವರು ನಾವು. ಆ ಎಂಜಿನ್‌ಗೆ ದುಡ್ಡು ಕೊಟ್ಟವಳನ್ನೇ ಮಾತಾಡಿಸಿರಲಿಲ್ಲ.

ಮನೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಅನ್ನುವುದೂ ಆಗಲೇ ತಿಳಿಯಿತು. ದೊಡ್ಡಪ್ಪ ಅಪ್ಪನಿಗಿಂತ ಐದು ವರ್ಷ ದೊಡ್ಡವರು, ಅವರು ನೋಡಿದ್ದು ಮೊದಲ ಎಂಜಿನ್. ಅಪ್ಪ ಒರೆಸುತ್ತಿದ್ದದ್ದು ಎರಡನೆಯದು. ಅವ್ವ ಬರುವ ಹೊತ್ತಿಗೆ ತಾತ ಪಂಪ್‌ಸೆಟ್ಟಿಗೆ ತಂದು ಉಳಿದಿದ್ದ ಹಸಿರು ಬಣ್ಣವನ್ನು ಅದಕ್ಕೆ ಬಳಿದಿದ್ದರು.

ಬೆಂಗಳೂರಿನವರಿಗೆ ಫೋಟೋ ಕಳಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆವು. "ಅಯ್ಯೋ, ಮೇಲೆ ತಾಮ್ರದ ಬಣ್ಣ ಹೊಡೆದುಬಿಡಿ. ನನ್ನ ಹತ್ರ ತಗೊಳ್ಳೋರು ನಾಜಲ್ ಎಣಿಸ್ತಾರಾ? ಹೇಳಿದ ರೇಟೇ ಕೊಡ್ತೀನಿ" ಅಂದರು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಾಲದ ಲೆಕ್ಕ ನಮಗೂ ಗೊತ್ತಿತ್ತು. ಹೊಡೆಯಿರಿ ಅನ್ನಲೂ ಆಗಲಿಲ್ಲ, ಬೇಡ ಅನ್ನಲೂ ಬಾಯಿ ಬರಲಿಲ್ಲ. ಮೂರನೇ ದಿನ ಅಪ್ಪನೇ ಫೋನ್ ಮಾಡಿದರು. "ಅದು ನಮ್ಮವ್ವನ ಸರ ಸ್ವಾಮಿ. ಅದನ್ನ ಬೇರೆ ಏನೋ ಅಂತ ಹೇಳಿ ಮಾರಲ್ಲ" ಅಂದರು.

ವ್ಯಾಪಾರ ಅಲ್ಲಿಗೆ ನಿಂತಿದೆ. ಸಾಲ ಇನ್ನೂ ಇದೆ. ಟ್ರ್ಯಾಕ್ಟರ್ ಚಪ್ಪರದಲ್ಲೇ ಇದೆ. ಎಂಜಿನ್‌ಗೆ ಬೂದು ಬಣ್ಣ ಹೊಡೆದೆವು, ಅದಕ್ಕೆ ಅದೇ ಸರಿ. ಗೇರ್‌ಬಾಕ್ಸಿಗೆ ತಾಮ್ರ. ಡೈನಮೋ ಹಿಂದೆ ನಾಣ್ಯದಷ್ಟು ಜಾಗಕ್ಕೆ ಬಣ್ಣ ಹಾಕದೆ ಹಾಗೇ ಬಿಟ್ಟಿದ್ದೇವೆ. ನಾಳೆ ಯಾರಾದರೂ ಕೊಳ್ಳಲು ಬಂದರೆ ಮೊದಲು ಅದನ್ನೇ ತೋರಿಸುತ್ತೇವೆ.

ನಿಮ್ಮ ಮನೆಯಲ್ಲೂ ಹಳೇ ಟ್ರ್ಯಾಕ್ಟರೋ, ಪಂಪ್‌ಸೆಟ್ಟೋ, ಬೈಕೋ ಇದ್ದರೆ ಪೇಂಟ್ ಡಬ್ಬಿ ತೆಗೆಯುವ ಮುಂಚೆ ನಾಣ್ಯದಗಲ ಉಜ್ಜಿ ನೋಡಿ. ಫೋನಿನಲ್ಲಿ ಫೋಟೋ ತೆಗೆದಿಡಿ. ಹಾಗೇ ಜಗಲಿಯಲ್ಲಿ ಕೂತವರನ್ನೂ ಒಂದು ಮಾತು ಕೇಳಿ.