ಮರಳು ಗುಡಿಸುವವರು

ಮೀನು ಸಾಕುವುದೆಂದರೆ ಮೀನನ್ನು ಸಾಕುವುದು ಎಂದೇ ಎಲ್ಲರೂ ತಿಳಿಯುತ್ತಾರೆ. ಸಿಹಿನೀರಿನ ತೊಟ್ಟಿಯ ಮಟ್ಟಿಗೆ ಅದು ನಿಜವಿರಬಹುದು. ಉಪ್ಪುನೀರಿನ ತೊಟ್ಟಿಯಲ್ಲಿ ಮಾತ್ರ ಮೊದಲು ಸಾಕಬೇಕಾದದ್ದು ಮರಳನ್ನು, ಮೀನು ಆಮೇಲೆ.

ಈ ಚೆನ್ನೈಯಲ್ಲಿ ಕಡಲು ಕೂಗಳತೆಯಲ್ಲಿದ್ದರೂ ನಾವು ಲೀಟರು ಶುದ್ಧ ನೀರಿಗೆ ಸುಮಾರು 35 ಗ್ರಾಂ ಕಡಲ ಲವಣ ಬೆರೆಸಿ, ನಮ್ಮ ಕಡಲನ್ನು ಮನೆಯಲ್ಲೇ ಕಲಸಿಕೊಳ್ಳುತ್ತೇವೆ. ನೆರೆಯವರು ನಗುತ್ತಾರೆ, ನಗಲಿ. ನಾಲ್ಕಡಿಯ ಈ ಕಡಲಿನಲ್ಲಿ ಎರಡು ಕ್ಲೌನ್ ಮೀನುಗಳಿವೆ, ಸಿಮೆಂಟಿನಲ್ಲಿ ಮಾಡಿದ ಬಂಡೆಯಿದೆ, ಎರಡಂಗುಲ ಮರಳಿದೆ.

ಮೀನು ತಿಂದು ಬಿಟ್ಟ ಚೂರು, ಅದರ ಹಿಕ್ಕೆ, ಸತ್ತ ಪಾಚಿ ಎಲ್ಲವೂ ಕೊನೆಗೆ ಇಳಿಯುವುದು ಮರಳಿಗೆ. ಅಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೊಂದು ಕೇಡಿಲ್ಲದ ನೈಟ್ರೇಟ್ ಮಾಡುತ್ತವೆ. ಅವಕ್ಕೆ ಉಸಿರಾಡಲು ಮರಳು ಸಡಿಲವಾಗಿರಬೇಕು. ಹೊಲದಲ್ಲಿ ಎರೆಹುಳು ಮಾಡುವ ಈ ಕೆಲಸದ ಮೇಲೆ ಡಾರ್ವಿನ್ 1881ರಲ್ಲಿ ಒಂದು ಪುಸ್ತಕವನ್ನೇ ಬರೆದ. ಕಡಲ ತಳದಲ್ಲಿಯೂ ಅಂಥ ಆಳುಗಳಿದ್ದಾರೆ.

ನಮ್ಮಲ್ಲಿರುವುದು ಆರು ನಸ್ಸೇರಿಯಸ್ ಬಸವನಹುಳುಗಳು. ದಿನವಿಡೀ ಮರಳೊಳಗೆ ಹುದುಗಿ, ಪುಟ್ಟ ಸೊಂಡಿಲಿನಂಥ ನಳಿಗೆಯೊಂದನ್ನು ಮಾತ್ರ ಮೇಲೆ ಚಾಚಿರುತ್ತವೆ. ಒಂದು ಚೂರು ಸೀಗಡಿ ಹಾಕಿದರೆ ಸಾಕು, ವಾಸನೆ ಹಿಡಿದು ಆರೂ ಮರಳು ಸೀಳಿಕೊಂಡು ಏಳುತ್ತವೆ. ರಾಜ್ಯೋತ್ಸವದ ಭಾಷಣಗಳ ನಡುವೆ ಎಲೆ ಹಾಕಿದರೆಂಬ ಸುದ್ದಿ ಬಂದಾಗ ನಮ್ಮ ಸಂಘದ ಸಭಿಕರು ಏಳುವುದೂ ಹೀಗೆಯೇ! ಇವು ಮೀನಿನ ಹಿಕ್ಕೆ ತಿನ್ನುತ್ತವೆಂದು ಹಲವರು ನಂಬಿದ್ದಾರೆ. ಇವು ತಿನ್ನುವುದು ಉಳಿದ ಆಹಾರವನ್ನು, ಸತ್ತ ಜೀವಿಗಳನ್ನು. ಪಾಚಿ ತಿನ್ನಲು ಸೆರಿತ್ ಎಂಬ ಚೂಪು ಚಿಪ್ಪಿನ ಇನ್ನೊಂದು ಜಾತಿಯಿದೆ.

ಮರಳು ತೊಳೆಯುವವರಲ್ಲಿ ದೊಡ್ಡ ಹೆಸರು ಕಡಲ ಸೌತೆಯದು. ತಮಿಳರು ಇದನ್ನು ಕಡಲಟ್ಟೆ ಎನ್ನುತ್ತಾರೆ. ಮರಳನ್ನೇ ನುಂಗಿ, ಅದರ ಕೊಳೆಯನ್ನು ಜೀರ್ಣಿಸಿಕೊಂಡು, ಶುಚಿಯಾದ ಮರಳನ್ನು ಹಿಂದೆ ಬಿಡುತ್ತದೆ. "ಒಂದು ತಂದುಕೊಡಲೇ ಸಾರ್? ಯಾರಿಗೂ ಗೊತ್ತಾಗುವುದಿಲ್ಲ" ಎಂದು ಒಬ್ಬ ವ್ಯಾಪಾರಿ ಕೇಳಿದ. ಮಕ್ಕಳ ಕಣ್ಣು ಅರಳಿತು. ನಾವು ಬೇಡವೆಂದೆವು. 2001ರಲ್ಲಿ ಕಡಲ ಸೌತೆಯನ್ನೂ ಗಟ್ಟಿ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ಮನ್ನಾರ್ ಕೊಲ್ಲಿಯಿಂದ ಇದನ್ನು ಕದ್ದು ಹೊರದೇಶದ ಅಡುಗೆಮನೆಗಳಿಗೆ ಸಾಗಿಸುವವರಿದ್ದಾರೆ; ಲಕ್ಷದ್ವೀಪದಲ್ಲಿ ಇದಕ್ಕೆಂದೇ 2020ರಲ್ಲಿ ಒಂದು ಸಂರಕ್ಷಿತ ಪ್ರದೇಶವನ್ನು ಘೋಷಿಸಿದರು. ಕಡಲನ್ನು ಶುಚಿಯಾಗಿಡುವ ಜೀವಿಯನ್ನು ನಮ್ಮ ನಾಲ್ಕಡಿ ಗಾಜಿನ ಅಂದಕ್ಕಾಗಿ ಕಡಲಿನಿಂದ ಕದಿಯುವುದೆಂದರೆ, ಊರ ಬಾವಿಯ ಹಗ್ಗ ಕದ್ದು ಮನೆಯಲ್ಲಿ ಬಟ್ಟೆ ಒಣಹಾಕಿದಂತೆ.

"ಹಾಗಾದರೆ ಮರಳು ಜಾಲಿಸುವ ನಕ್ಷತ್ರಮೀನು?" ಎಂದ ಅವನು. ಆ ಬಡಪಾಯಿ ಮರಳೊಳಗಿನ ಸಣ್ಣ ಹುಳುಹುಪ್ಪಟೆಗಳನ್ನು ತಿಂದು ಬದುಕುವಂಥದು. ಸಣ್ಣ ತೊಟ್ಟಿಯಲ್ಲಿ ಕೆಲವು ತಿಂಗಳಲ್ಲಿ ಅವೆಲ್ಲ ಮುಗಿಯುತ್ತವೆ. ಆಮೇಲೆ ಅದು ಸದ್ದಿಲ್ಲದೆ ಹಸಿವಿನಿಂದ ಸಾಯುತ್ತದೆ. ಮರಳು ಬೆಳ್ಳಗೆ ಹೊಳೆಯುತ್ತಿರುತ್ತದೆ, ಯಜಮಾನ ಸಂತೋಷವಾಗಿರುತ್ತಾನೆ.

ಇನ್ನೊಂದು ವಿಚಾರ. ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಕೊಡುವುದುಂಟು. ಅದೇ ತಾಮ್ರ ಬಸವನಹುಳುವಿಗೆ ಮೃತ್ಯು. ಆದ್ದರಿಂದ ನಾವು ಕಾಯಿಲೆಯ ಮೀನನ್ನು ಬೇರೆ ತೊಟ್ಟಿಗೆ ಒಯ್ದು ಅಲ್ಲಿಯೇ ಔಷಧಿ ಹಾಕುತ್ತೇವೆ. ಮೇಲಿನವರಿಗೆ ಮದ್ದಾದದ್ದು ಕೆಳಗಿನವರಿಗೆ ವಿಷವಾಗುವುದು ತೊಟ್ಟಿಯಲ್ಲಿ ಮಾತ್ರವೇ?

ಹೀಗಾಗಿ ನಮ್ಮ ಮರಳು ಚಿತ್ರದಲ್ಲಿರುವಷ್ಟು ಬೆಳ್ಳಗಿಲ್ಲ. ಆರು ಹುಳುಗಳಿಗೆ ಮುಗಿಯದ ಕೊಳೆಯನ್ನು ಭಾನುವಾರ ಬೆಳಿಗ್ಗೆ ನಳಿಗೆ ಹಿಡಿದು ನಾವೇ ಎಳೆಯುತ್ತೇವೆ. ಇನ್ನೂ ಇಪ್ಪತ್ತು ಹುಳು ತಂದು ಬಿಡಬಹುದಲ್ಲ ಎಂದು ಬಂದವರು ಸಲಹೆ ಕೊಡುತ್ತಾರೆ. ಬಿಡಬಹುದು. ಆದರೆ ಗುಡಿಸುವವರಿಗೂ ಹೊಟ್ಟೆಯಿದೆ. ನಮ್ಮ ತೊಟ್ಟಿಯ ಎಂಜಲು ಆರು ಹೊಟ್ಟೆಗೆ ಸಾಕಾಗುವಷ್ಟು. ಏಳನೆಯವನನ್ನು ಕರೆಯುವ ಮೊದಲು ಅವನ ಊಟ ಎಲ್ಲಿಂದ ಎಂದು ನೋಡಬೇಕು.