ರಾತ್ರಿ ಹನ್ನೊಂದರ ಗಿರಾಕಿ

ಮದುವೆಗೆ ಹೋಗುವಾಗ ಮತ್ತು ಸಾಲ ಕೇಳಲು ಹೋಗುವಾಗ ಮಾತ್ರ ನಮ್ಮಪ್ಪ ಇಸ್ತ್ರಿ ಅಂಗಿ ತೊಡುತ್ತಿದ್ದರು. 1984ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಅಲ್ಲಿ ಯಂತ್ರಗಳ ಸದ್ದಿಗೂ ಮೇಲೆ ಕೇಳುತ್ತಿದ್ದ ಅವರ ದನಿ ಬ್ಯಾಂಕಿನ ಕೌಂಟರಿನ ಮುಂದೆ, ಪಕ್ಕದ ಮನೆಗೆ ಸಕ್ಕರೆ ಕೇಳಲು ಬಂದ ಹುಡುಗನದಾಗಿಬಿಡುತ್ತಿತ್ತು. ಅಲ್ಲಿ ಕೇಳಬೇಕಾದ್ದನ್ನೆಲ್ಲ ನುಂಗಿಕೊಂಡು ಬಂದು, ರಾತ್ರಿ ಊಟಕ್ಕೆ ಕೂತಾಗ ಅಮ್ಮನನ್ನು ಕೇಳುತ್ತಿದ್ದರು: "ಅಲ್ಲ ಕಣೇ, ಒಂದು ಕಂತು ತಪ್ಪಿದ್ರೆ ಏನು ಮಾಡ್ತಾರಂತೆ?" ಪಾಪ, ಅಮ್ಮ ಸಾರು ಬಡಿಸುತ್ತಿದ್ದಳು.

ಆ ಮನೆ ಸಾಲಕ್ಕೆ ಜಾಮೀನು ನಿಂತವರು ಅದೇ ಕಾರ್ಖಾನೆಯ ಇಬ್ಬರು ಗೆಳೆಯರು. ಅವರು ಸಹಿ ಹಾಕಿದ ದಿನದಿಂದ ಅಪ್ಪನ ಸಲಿಗೆ ಹೋಗಿ ಮರ್ಯಾದೆ ಶುರುವಾಯಿತು. ದೇವನಹಳ್ಳಿ ಚಕ್ಕೋತದ ಕಾಲ ಬಂತೆಂದರೆ ಇಬ್ಬರ ಮನೆಗೂ ದಪ್ಪನೆಯದೊಂದು ಹಣ್ಣು ಹೊತ್ತುಕೊಂಡು ಹೋಗಿ, ಕುರ್ಚಿಯ ತುದಿಯಲ್ಲಿ ಕೂತು, ಕಂತು ಕಟ್ಟಿದ ರಸೀದಿಗಳನ್ನು ಒಂದೊಂದಾಗಿ ತೋರಿಸಿ ಬರುತ್ತಿದ್ದರು. ತೋರಿಸೆಂದು ಯಾರೂ ಕೇಳಿದವರಲ್ಲ. ಅವರಲ್ಲೊಬ್ಬರು ಬಹಳ ವರ್ಷಗಳ ಮೇಲೆ ನನಗೆ ಹೇಳಿದರು: "ಆ ಚಕ್ಕೋತ ಸುಲಿಯೋಕೆ ನಮ್ಮನೇಲಿ ಯಾರಿಗೂ ಮನಸ್ಸೇ ಬರ್ತಿರಲಿಲ್ಲ ಕಣಪ್ಪ. ನಿಮ್ಮಪ್ಪ ಬರಿಗೈಯಲ್ಲಿ ಬಂದು ಕಾಲು ಚಾಚಿ ಕೂರೋದು ಯಾವಾಗ ಅಂತ ಕಾಯ್ತಿದ್ವಿ."

ಇದೆಲ್ಲ ನೆನಪಾದದ್ದು ನನ್ನ ಅಕ್ಕನ ಮಗನಿಂದ. ಸಹಕಾರನಗರದಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವುದು ಅವನ ಕಸುಬು. ಈಚೆಗೆ ಮನೆ ಸಾಲ ಕೊಡುವ ಕಂಪನಿಯೊಂದರ ಕೆಲಸ ಸಿಕ್ಕಿತೆಂದು, ಕನ್ನಡ ಪುಟಗಳನ್ನು ತಿದ್ದಿಸಲು ಲ್ಯಾಪ್‌ಟಾಪ್ ಹಿಡಿದು ಬಂದ. ತೆರೆದರೆ ಮೊದಲಿಗೇ ಗಂಡ, ಹೆಂಡತಿ, ಕೈಯಲ್ಲೊಂದು ರಟ್ಟಿನ ಮನೆ. ಇಬ್ಬರ ಹಲ್ಲೂ ಫಳಫಳ.

"ಇಷ್ಟು ನಗೋರಿಗೆ ಸಾಲ ಯಾಕೋ?" ಎಂದೆ.

"ಎಲ್ಲರೂ ಇದೇ ಥರ ಫೋಟೋನೇ ಹಾಕೋದು ಮಾವ."

ಪರದೆಯ ಮೂಲೆಯಲ್ಲಿ ಒಬ್ಬಳು ಹುಡುಗಿ ಪಟ್ಟನೆ ಮೇಲೆದ್ದು "ಹೇಗೆ ಸಹಾಯ ಮಾಡಲಿ?" ಎಂದಳು. ಏನು ಕೇಳಿದರೂ ಮೊದಲು ಮೊಬೈಲ್ ನಂಬರು ಕೊಡಿ ಎನ್ನುತ್ತಾಳೆ. ಕೊಟ್ಟಿರೋ, ಮಗಳ ಧಾರೆ ಎರೆಯುವಾಗಲೂ ಫೋನು ಬರುತ್ತದೆ.

ನನಗನ್ನಿಸುವುದು ಇಷ್ಟು. ಸಾಲದ ವೆಬ್‌ಸೈಟಿಗೆ ನಿಜವಾದ ಗಿರಾಕಿ ಬರುವುದು ರಾತ್ರಿ ಹನ್ನೊಂದರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ, ದೀಪ ಆರಿಸಿಕೊಂಡು. ಅವನು ಬರುವುದೇ ಅಲ್ಲಿ ಯಾರೂ ಅವನ ಮುಖ ನೋಡುವುದಿಲ್ಲವೆಂದು. ನಮ್ಮಪ್ಪನಿಗೆ ಸಿಗದ ಭಾಗ್ಯ ಅದು. ಅಂಥವನಿಗೆ ರಟ್ಟಿನ ಮನೆ ತೋರಿಸಿ ಏನು ಪ್ರಯೋಜನ? ಥಣಿಸಂದ್ರದ ರೆವಿನ್ಯೂ ಸೈಟಿನವನ ಪ್ರಶ್ನೆ "ಬಿ ಖಾತೆಗೆ ಸಾಲ ಕೊಡ್ತೀರಾ?" ಎಂದು. ಇಲ್ಲವೆಂದಾದರೆ ಮೊದಲ ಪುಟದಲ್ಲೇ ಇಲ್ಲ ಅನ್ನಬೇಕು. ಮದರ್ ಡೀಡು, ಇಸಿ, ಕಂದಾಯದ ರಸೀದಿ ಎಂದು ಹತ್ತು ಸಲ ಅಲೆಸಿ ಆಮೇಲೆ ಅನ್ನಬಾರದು. ಅಪ್ಪ ನುಂಗಿಕೊಂಡ ಪ್ರಶ್ನೆಗೂ ಅಲ್ಲಿ ಉತ್ತರ ಇರಬೇಕು, ದಂಡ ಎಷ್ಟು ಎಂಬುದರ ಸಮೇತ.

ಹುಡುಗ ಕಂತಿನ ಲೆಕ್ಕ ಮಾಡುವ ಪಟ್ಟಿಯನ್ನು ಹೆಮ್ಮೆಯಿಂದ ತೋರಿಸಿದ. ಶೇ. 8.5 ಬಡ್ಡಿ, 20 ವರ್ಷ, ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ. "ಒಟ್ಟು ಎಷ್ಟು ಕಟ್ತಾನೆ ಅಂತಲೂ ಹಾಕು" ಎಂದೆ. 2,08,000 ದಾಟಿತು. "ಇದನ್ನ ತೋರಿಸಿದ್ರೆ ಜನ ಓಡಿಹೋಗ್ತಾರೆ ಮಾವ!" ಓಡುವವನು ಓಡಲಿ, ಉಳಿದವನು ಕಂತು ಕಟ್ಟುತ್ತಾನೆ. ಹೇಗೂ ಸಾಲದ ಎಲ್ಲ ಖರ್ಚನ್ನೂ ಸೇರಿಸಿದ ವಾರ್ಷಿಕ ದರವನ್ನು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ, ಸಹಿಗೆ ಮೊದಲು ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್‌ನಿಂದ ಕಡ್ಡಾಯ ಮಾಡಿದೆ. ಆಫೀಸಿನಲ್ಲಿ ಹೇಳಲೇಬೇಕಾದ್ದನ್ನು ಮನೆಯಲ್ಲೇ ಹೇಳಿದರೆ ಬಸ್ ಚಾರ್ಜಾದರೂ ಉಳಿಯುತ್ತದೆ.

ಅಪ್ಪ ಸಾಲ ತೀರಿಸಿದ ಮೇಲೂ ಪತ್ರಗಳಿಗಾಗಿ ತಿಂಗಳುಗಟ್ಟಲೆ ಅಲೆದರು. ಕೊನೆಗೆ ಅವು ಕೈಗೆ ಬಂದ ಸಂಜೆ ನಡುಮನೆಯಲ್ಲಿ ನಿಂತು ಚಕ್ಕುಬಂದಿಯನ್ನು ಗಟ್ಟಿಯಾಗಿ ಓದಿದರು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಖಾಲಿ ನಿವೇಶನ. ಆ ಖಾಲಿ ನಿವೇಶನದಲ್ಲಿ ಅಷ್ಟು ಹೊತ್ತಿಗೆ ಮೂರಂತಸ್ತು ಎದ್ದು ನಮ್ಮ ತುಳಸಿಗೆ ಬಿಸಿಲೇ ಇರಲಿಲ್ಲ. ಈಗ ಹಾಗೆ ಅಲೆಯಬೇಕಿಲ್ಲ. 2023ರ ಡಿಸೆಂಬರ್‌ನಿಂದ, ಸಾಲ ತೀರಿದ 30 ದಿನದೊಳಗೆ ಮೂಲಪತ್ರ ಕೊಡಬೇಕು. ಸಾಲ ಕೊಟ್ಟವರ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಬಿ ಖಾತೆಯ ಮಾತು, ಒಟ್ಟು ಮೊತ್ತ, ದಂಡ ಎಲ್ಲಕ್ಕೂ ಕಂಪನಿಯವರು ಒಪ್ಪಿದರು. ಹಲ್ಲಿನ ಜೋಡಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಸಾಲ ತೀರಿಸಿದವರು ಇನ್ನೊಂದು ಕೆಲಸ ಮಾಡಿ. ಪತ್ರ ಬಂತೆಂದು ಬೀರುವಿನಲ್ಲಿಟ್ಟು ಸುಮ್ಮನಾಗದೆ, ಒಮ್ಮೆ ಇಸಿ ತೆಗೆಸಿ, ಅಡಮಾನ ಬಿಡುಗಡೆಯಾದದ್ದು ಅದರಲ್ಲಿ ದಾಖಲಾಗಿದೆಯೇ ನೋಡಿ. ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆಂದು ನಾವು ತೆಗೆಸಿದ ಇಸಿಯಲ್ಲಿ ಅವರ ಸಾಲ ಇನ್ನೂ ಇತ್ತು.